ಕಡ್ಲಿ ಎಲ್ಲಿ ಹೋತು?

ವನ್ಯಜೀವಿ ಫೋಟೊ ತೆಗೆಯೋರ ನಡುವೆ ಒಂದು ಮನೆಮದ್ದು ಚಾಲ್ತಿಯಲ್ಲಿದೆ. ಬಣ್ಣದಲ್ಲಿ ಚಿತ್ರ ಕೈ ಕೊಟ್ಟರೆ ಕಪ್ಪು-ಬಿಳುಪು ಮಾಡಿಬಿಡು. ಬೆಳಕು ಚಪ್ಪಟೆ ಇತ್ತು, ಹಿನ್ನೆಲೆ ಗಲೀಜಾಗಿತ್ತು, ಐಎಸ್‌ಒ ಏರಿಸಿದ್ದಕ್ಕೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗಾಗಿದೆ: ಎಲ್ಲಕ್ಕೂ ಇದೊಂದೇ ಔಷಧಿ, ನಮ್ಮೂರಲ್ಲಿ ಹಲ್ಲುನೋವಿಗೂ ಹೊಟ್ಟೆನೋವಿಗೂ ಒಂದೇ ಬಾಮ್ ಹಚ್ಚೋ ಹಾಗೆ. ಮಜಾ ಏನಂದ್ರೆ ಔಷಧಿ ಕೆಲಸ ಮಾಡತ್ತೆ. ಐದು ನಿಮಿಷದ ಹಿಂದೆ ಡಿಲೀಟ್ ಮಾಡೋಕೆ ಹೊರಟಿದ್ದ ಚಿತ್ರ ಇದ್ದಕ್ಕಿದ್ದಂತೆ ಗಂಭೀರವಾಗಿ, ಹಳೆಯದಾಗಿ, ಯಾವುದೋ ದೊಡ್ಡ ಮಾತು ಹೇಳ್ತಿರೋ ಹಾಗೆ ಕಾಣತ್ತೆ. ಕೆಳಗೆ ‘ಕಾಲಾತೀತ’ ಅಂತ ಒಬ್ಬರಾದರೂ ಬರೀತಾರೆ.

ಆ ‘ಕಾಲಾತೀತ’ ಅನ್ನೋ ಪದದ ಬಗ್ಗೆಯೇ ನನಗೆ ತಕರಾರು. ಕಾಲ ಎಲ್ಲಿಗೆ ಹೋಯಿತು? ಯಾರು ತೆಗೆದರು?

ಮೊದಲು ತಾಂತ್ರಿಕ ವಿಷಯ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದ್ರೆ ಬಣ್ಣದ ಚಿತ್ರವೇ ಸತ್ಯ, ಕಪ್ಪು-ಬಿಳುಪು ಅದರ ಮೇಲಿನ ಕೈಚಳಕ ಅಂತ ಅಂದುಕೊಳ್ಳೋದು ಸುಲಭ. ಅದು ಹಾಗಿಲ್ಲ. ನಮ್ಮ ಕ್ಯಾಮೆರಾದ ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಬೆಳಕು ಎಷ್ಟು ಬಿತ್ತು ಅನ್ನೋದಷ್ಟೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅನ್ನೋ ಎಂಜಿನಿಯರ್ ಒಂದು ಉಪಾಯ ಮಾಡಿದ, 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು: ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದು ಬಣ್ಣದ ಗಾಜು ಹಾಕೋದು, ಹಸಿರಿಗೆ ಎರಡು ಪಾಲು. ಅಂದ್ರೆ ಪ್ರತಿ ಪಿಕ್ಸೆಲ್ ಒಂದು ಬಣ್ಣವನ್ನಷ್ಟೇ ಅಳೆಯತ್ತೆ. ಉಳಿದ ಎರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕದವರನ್ನು ಕೇಳಿ ಅಂದಾಜು ಮಾಡತ್ತೆ. ನೀವು ಕಬಿನಿಯಿಂದ ತಂದ ಹುಲಿಯ ಕೇಸರಿ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಅಂದಾಜು. ಹೋಗಲಿ, ಆ ಕೇಸರಿಯಾದರೂ ಯಾರಿಗೆ ಕಾಣೋದು? ಹುಲಿಗೆ ಊಟವಾಗೋ ಜಿಂಕೆಗೆ ಕೆಂಪು-ಹಸಿರಿನ ವ್ಯತ್ಯಾಸ ಗೊತ್ತಾಗಲ್ಲ. ಅದರ ಪಾಲಿಗೆ ಹುಲಿ ಹುಲ್ಲಿನ ಬಣ್ಣದ್ದೇ. ನಮ್ಮ ಕಣ್ಣಿಗೆ ರಾಚೋ ಬಣ್ಣ, ಯಾರ ಜೀವಕ್ಕೆ ಅದರಿಂದ ನಿಜಕ್ಕೂ ಅಪಾಯವೋ ಅವರಿಗೆ ಕಾಣೋದೇ ಇಲ್ಲ.

ಇನ್ನು ಕಪ್ಪು-ಬಿಳುಪು. ಅದು ಸರಳ, ಪ್ರಾಮಾಣಿಕ ಅಂತ ನಂಬೋರು ಒಮ್ಮೆ ಲೈಟ್‌ರೂಮಿನಲ್ಲಿ ಆ ಪ್ಯಾನಲ್ ತೆಗೆದು ನೋಡಿ. ಎಂಟು ಸ್ಲೈಡರ್: ಕೆಂಪು, ಕೇಸರಿ, ಹಳದಿ, ಹಸಿರು, ಹೀಗೆ. ಪ್ರತಿಯೊಂದು ಬಣ್ಣ ಎಷ್ಟು ಬೂದಿಯಾಗಬೇಕು ಅಂತ ನೀವೇ ಹೇಳಬೇಕು. ಕೇಸರಿ ಏರಿಸಿದರೆ ಹುಲಿ ಕತ್ತಲಲ್ಲಿ ಹೊಳೆಯತ್ತೆ, ಇಳಿಸಿದರೆ ಅದೇ ಹುಲಿ ಪೊದೆಯೊಳಗೆ ಕರಗಿ ಹೋಗತ್ತೆ. ಮುಟ್ಟದೆ ಬಿಟ್ಟರೂ ಯಾರೋ ಒಬ್ಬ ಪ್ರೋಗ್ರಾಮರ್ ನಿಮ್ಮ ಪರವಾಗಿ ನಿರ್ಧಾರ ಮಾಡಿಟ್ಟಿರ್ತಾನೆ. ಹಳೇ ಟಿವಿ ಕಾಲದಿಂದ ಬಂದ ಸೂತ್ರದಲ್ಲಿ ಹಸಿರಿಗೆ ಶೇ. 59, ಕೆಂಪಿಗೆ 30, ನೀಲಿಗೆ 11. ಡೀಫಾಲ್ಟ್ ಅನ್ನೋದು ಕೂಡ ಒಬ್ಬರ ಅಭಿಪ್ರಾಯವೇ ಅಂತ ನಮ್ಮ ಕೆಲಸದಲ್ಲಿ ಇರೋರಿಗೆ ಬೇರೆ ಹೇಳಬೇಕಾಗಿಲ್ಲ.

ಹಾಗಾದ್ರೆ ಎರಡೂ ಕಡೆ ಕೈ ಆಡಿಸಿದ್ದೇ. ಇದನ್ನು ಹಿಡ್ಕೊಂಡು ಕೆಲವರು ‘ಎಲ್ಲ ಎಡಿಟ್ಟೂ ಸುಳ್ಳೇ, ಅದಕ್ಕೆ ಚೆಂದ ಕಂಡಿದ್ದನ್ನು ಮಾಡು’ ಅಂತಾರೆ. ಇದು ಸೋಮಾರಿ ವಾದ. ಎಲ್ಲ ಭಾಷಾಂತರದಲ್ಲೂ ಏನೋ ಕಳೆದುಹೋಗತ್ತೆ ಅಂತ ಯಾವ ಭಾಷಾಂತರವಾದರೂ ನಡೆಯತ್ತೆ ಅನ್ನೋಕಾಗತ್ತಾ? ಏನು ಕಳೆದುಹೋಯಿತು, ಯಾರದ್ದು ಕಳೆದುಹೋಯಿತು ಅಂತ ಕೇಳಬೇಕಲ್ಲ.

ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದಿದ್ದಲ್ಲ. ನಾನು ಭೂಸನೂರಿನವನು. ಕಲಬುರಗಿ ಜಿಲ್ಲೆಯ ಆಳಂದ ತಾಲೂಕು. ಎರೆಭೂಮಿ, ತೊಗರಿ, ಕಡಲೆ, ಬಿಳಿಜೋಳ. ಸಕ್ಕರೆ ಕಾರ್ಖಾನೆ ಬಂದ ಮೇಲೆ ನೀರಿದ್ದವರ ಹೊಲದಲ್ಲಿ ಕಬ್ಬು. ಕಾಡು ಅಂತ ಕರೆಯೋವಂಥದ್ದು ಏನೂ ಇಲ್ಲ. ಆದರೆ ಚಿಗರಿ ಇವೆ. ಪುಸ್ತಕದಲ್ಲಿ ಕೃಷ್ಣಮೃಗ ಅಂತ ಬರೆಯೋ ಅದೇ ಪ್ರಾಣಿ, ನಮ್ಮಲ್ಲಿ ಚಿಗರಿ. ರಾಣೆಬೆನ್ನೂರಿನಲ್ಲಿ ಅವಕ್ಕೆ ಅಂತಲೇ 1974ರಲ್ಲಿ ಅಭಯಾರಣ್ಯ ಆಯಿತು. ನಮ್ಮೂರ ಚಿಗರಿಗಳ ಅಭಯಾರಣ್ಯ ಅಂದ್ರೆ ನಮ್ಮ ಹೊಲಗಳೇ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರೋ ಪ್ರಾಣಿ, ಅದಕ್ಕೆ ಕಲ್ಲೆಸೆಯೋಕೂ ಜನ ಹೆದರ್ತಾರೆ. ಬೆಳಿಗ್ಗೆ ಎದ್ದು ಹೋದರೆ ಮೂವತ್ತು-ನಲವತ್ತರ ಹಿಂಡು ಕಡಲೆ ಹೊಲದ ನಡುವೆ ನಿಂತಿರತ್ತೆ, ಹೊಲದ ಮಾಲೀಕ ಬದುವಿನ ಮೇಲೆ ನಿಂತಿರ್ತಾನೆ.

ಎಳ್ಳಮವಾಸೆಗೆ ಪ್ರತಿ ವರ್ಷ ಊರಿಗೆ ಹೋಗ್ತೀನಿ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಕೊಂಡು ಇಡೀ ಊರು ಹೊಲದಲ್ಲಿ ಊಟ ಮಾಡೋ ಹಬ್ಬ. ಒಂದು ವರ್ಷ ಹಬ್ಬದ ಮರುದಿನ ಬೆಳಿಗ್ಗೆ, ಇನ್ನೂ ಇಬ್ಬನಿ ಆರಿರಲಿಲ್ಲ, ನಮ್ಮ ಕಾಕಾನ ಹೊಲದಲ್ಲಿ ಒಂದು ದೊಡ್ಡ ಗಂಡು ಚಿಗರಿ ಸಿಕ್ಕಿತು. ತಿರುಚಿದ ಕೋಡು, ಕತ್ತು ಎತ್ತಿ ನಿಂತಿದೆ, ಬಾಯಲ್ಲಿ ಕಡಲೆಯ ಕುಡಿ. ಮೊಣಕಾಲೆತ್ತರಕ್ಕೂ ಕಡಿಮೆ ಇರೋ ಕಡಲೆ ಹಸಿರು, ಅದರ ಕೆಳಗೆ ಎರೆಯ ಕಪ್ಪು. ಹಿಂದೆ ಬದುವಿನಗುಂಟ ಹಂದಿ, ಚಿಗರಿ ಬರದೇ ಇರಲಿ ಅಂತ ಕಟ್ಟಿದ ಹಳೇ ಸೀರೆಗಳ ಬೇಲಿ. ನಮ್ಮ ಕಡೆ ಓಡಾಡಿದವರು ನೋಡಿರ್ತೀರಿ: ಕೋಲು ನೆಟ್ಟು, ಹೊಲದ ಸುತ್ತ ಸೀರೆ ಕಟ್ಟಿರ್ತಾರೆ, ದೂರದಿಂದ ಯಾರದ್ದೋ ಮದುವೆ ಪೆಂಡಾಲಿನ ಹಾಗೆ ಕಾಣತ್ತೆ.

ಬೆಂಗಳೂರಿಗೆ ಬಂದು ಆ ಚಿತ್ರದ ಎರಡು ಆವೃತ್ತಿ ಮಾಡಿದೆ. ಬಣ್ಣದ್ದು ಒಂದು. ಕಪ್ಪು-ಬಿಳುಪಿನದು ಒಂದು. ಎರಡನೆಯದು, ನಾನೇ ಹೇಳ್ಕೋಬಾರದು, ಅದ್ಭುತವಾಗಿ ಬಂತು. ಹಸಿರಿನ ಸ್ಲೈಡರ್ ಸ್ವಲ್ಪ ಮೇಲೆ ತಳ್ಳಿದ ಕೂಡಲೇ ಕಡಲೆ ಗಿಡ ಮಂಜು ಬಿದ್ದ ಹುಲ್ಲುಗಾವಲಾಯಿತು. ಸೀರೆಗಳ ಬೇಲಿ ಮಸುಕಾದ ಬಿಳಿ ಪರದೆಯಾಗಿ, ಬೆಳಗಿನ ಮಂಜೇ ಇರಬೇಕು ಅನ್ನಿಸೋ ಹಾಗಾಯಿತು. ಚಿಗರಿಗೂ ಭಡ್ತಿ ಸಿಕ್ಕಿತು. ಗಂಡು ಚಿಗರಿ ವರ್ಷವಿಡೀ ಕಪ್ಪಗಿರಲ್ಲ, ಕೂದಲು ಉದುರಿ ಬರುವಾಗ ತಿಳಿಯಾಗಿ, ಮತ್ತೆ ಕೂಡುವ ಕಾಲ ಹತ್ತಿರ ಬಂದಂತೆ ಕಪ್ಪಾಗತ್ತೆ. ನಾನು ತೆಗೆದದ್ದು ಗಾಢ ಕಂದು ಬಣ್ಣದ್ದು. ಕೇಸರಿಯನ್ನು ಎಡಕ್ಕೆ ಎಳೆದೆ, ಅದು ಇಜ್ಜಲಿನಷ್ಟು ಕಪ್ಪಾಯಿತು. ಸಂಸ್ಕೃತದ ಹೆಸರಿಗೆ ತಕ್ಕ ಪ್ರಾಣಿ ಆವಾಗ ತಯಾರಾಯಿತು.

ಆಫೀಸಿನಲ್ಲಿ ತೋರಿಸಿದೆ. ಹನ್ನೊಂದು ಜನ ನೋಡಿದರು, ಒಂಬತ್ತು ಜನ ಕಪ್ಪು-ಬಿಳುಪಿನದಕ್ಕೆ ಕೈ ಎತ್ತಿದರು. ಆಫ್ರಿಕಾನಾ ಅಂತ ಒಬ್ಬಳು ಕೇಳಿದಳು.

ಸಂಕ್ರಾಂತಿಗೆ ಊರಿಗೆ ಹೋದಾಗ ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಅಪ್ಪನ ಮುಂದೆ ಇಟ್ಟೆ. ಕಪ್ಪು-ಬಿಳುಪಿನದನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ್ದು ಒಂದೇ ಮಾತು.

“ಇದ್ರಾಗ ಕಡ್ಲಿ ಎಲ್ಲಿ ಹೋತು?”

ಬಣ್ಣದ್ದು ತೋರಿಸಿದೆ. ಆವಾಗ ಮಾತು ಶುರುವಾಯಿತು. “ಹಾಂ, ಈಗ ನೋಡು. ಇದು ನಿಮ್ ಕಾಕಾನ ಹೊಲ. ತಡಾ ಬಿತ್ಯಾನ, ಇನ್ನಾ ಹೂವಿನ್ಯಾಗೇ ಅದ. ಈ ಕಡಿ ನೋಡು, ತುದಿ ತಿಂದಾವ, ಅದಕ್ಕ ಅಲ್ಲಿ ಬಣ್ಣ ಬ್ಯಾರೆ ಕಾಣ್ಲಾಕತ್ತದ. ಎರಡು ಸಾಲು ಹೋದ್ವು ತಿಳ್ಕೊ.” ನಾನು ‘ಹಿನ್ನೆಲೆ’ ಅಂತ ಕರೀತಿದ್ದ ಜಾಗದಲ್ಲಿ ಅವನು ಒಂದು ಇಡೀ ಹಂಗಾಮಿನ ಲೆಕ್ಕ ಓದ್ತಿದ್ದ. ಬಿತ್ತಿದ ದಿನ, ತೇವ, ಹಾನಿ, ಎಲ್ಲ. ಅಡುಗೆಮನೆಯಿಂದ ಬಂದ ಅವ್ವ ಚಿಗರಿಯನ್ನು ನೋಡಲೇ ಇಲ್ಲ. ಹಿಂದಿನ ಬೇಲಿಗೆ ಬೆರಳಿಟ್ಟು, “ಆ ಗಿಣಿಹಸುರ ಸೀರಿ ನಿಮ್ಮಕ್ಕಂದಲ್ಲ? ಚೊಚ್ಚಲ ಬಾಣಂತನಕ್ಕ ತಂದಿದ್ದು?” ಅಂದಳು. ಹೌದು, ಅಕ್ಕನದೇ. ಕಾಕಾ ಬೇಲಿಗೆ ಸೀರೆ ಸಾಲಲಿಲ್ಲ ಅಂತ ನಮ್ಮ ಮನೆಯಿಂದ ಒಯ್ದಿದ್ದ.

ಕಪ್ಪು-ಬಿಳುಪಿನಲ್ಲಿ ಆ ಸೀರೆ ಯಾರದ್ದೂ ಅಲ್ಲ. ಸೀರೆಯೇ ಅಲ್ಲ.

ಡೇಟಾಬೇಸ್ ಕೆಲಸ ಮಾಡೋರಿಗೆ ಇದು ಕೂಡಲೇ ಹೊಳೆಯತ್ತೆ. ಒಂದು ಟೇಬಲ್ಲಿನಲ್ಲಿ ಕಾಲಂ ತೆಗೆದುಹಾಕೋಕೆ ಮುಂಚೆ ಅದನ್ನು ಯಾರ್ಯಾರು ಬಳಸ್ತಿದ್ದಾರೆ ಅಂತ ನೋಡ್ತೀವಿ. ನಮ್ಮ ಸ್ಕ್ರೀನಿನಲ್ಲಿ ಬಳಕೆಯಾಗ್ತಿಲ್ಲ ಅಂತ ತೆಗೆಯೋಕಾಗಲ್ಲ, ಎಲ್ಲೋ ಇನ್ನೊಂದು ಟೀಮಿನ ರಿಪೋರ್ಟ್ ಅದರ ಮೇಲೇ ನಿಂತಿರತ್ತೆ. ಕಡಲೆಯ ಹಸಿರು ನಮ್ಮ ಆಫೀಸಿನ ಹನ್ನೊಂದು ಜನಕ್ಕೆ ಬರೀ ಅಲಂಕಾರ, ತೆಗೆದರೆ ಚಿತ್ರ ಇನ್ನೂ ಚೊಕ್ಕಟ. ಅಪ್ಪನಿಗೆ ಅದೇ ವಿಷಯ.

ಫೋಟೊ ಸ್ಪರ್ಧೆಗಳ ನಿಯಮ ಓದಿದರೆ ಇದು ಇನ್ನೂ ವಿಚಿತ್ರವಾಗತ್ತೆ. ಎಫ್‌ಐಎಪಿ, ಪಿಎಸ್‌ಎ ಥರದ ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಮಾಡಿಕೊಂಡ ‘ನಿಸರ್ಗ ಛಾಯಾಗ್ರಹಣ’ದ ವ್ಯಾಖ್ಯೆ ಒಂದಿದೆ, ನಮ್ಮಲ್ಲಿ ನಡೆಯೋ ಸಲೂನುಗಳೂ ಬಹಳಷ್ಟು ಅದನ್ನೇ ಅನುಸರಿಸ್ತವೆ. ಅದರ ಪ್ರಕಾರ ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಕತ್ತರಿಸೋದು ಬಿಟ್ಟು ಏನನ್ನೂ ತೆಗೆಯಬಾರದು. ಮನುಷ್ಯರ ಗುರುತು ಇರಬಾರದು, ಕತೆಗೆ ಅದು ಅಗತ್ಯವಾದಾಗ ಮಾತ್ರ ವಿನಾಯಿತಿ. ಬೆಳೆಸಿದ ಗಿಡಗಳ ಚಿತ್ರ ಈ ವಿಭಾಗಕ್ಕೆ ಬರೋದಿಲ್ಲ. ಕಪ್ಪು-ಬಿಳುಪಿಗೆ ಬದಲಿಸೋದು ಮಾತ್ರ ಪೂರ್ತಿ ಸಮ್ಮತ. ಈಗ ನನ್ನ ಚಿಗರಿಯನ್ನು ನೋಡಿ. ಆ ಸೀರೆಯನ್ನು ಕ್ಲೋನ್ ಮಾಡಿ ಅಳಿಸಿದರೆ ಮೋಸ, ಚಿತ್ರ ಅನರ್ಹ. ಹಸಿರು ಸ್ಲೈಡರ್ ತಳ್ಳಿ ಅದನ್ನು ಮಂಜು ಮಾಡಿದರೆ, ಕಡಲೆಯನ್ನು ಹುಲ್ಲು ಮಾಡಿದರೆ, ಅದು ಸೌಂದರ್ಯಪ್ರಜ್ಞೆ! ಒಂದು ಪಿಕ್ಸೆಲ್ಲನ್ನೂ ಅಳಿಸದೆ ಒಬ್ಬ ರೈತನನ್ನು ಅಳಿಸಬಹುದು.

ನಿಯಮಗಳನ್ನು ನಾನು ಹಗುರವಾಗಿ ಕಾಣ್ತಿಲ್ಲ. ಲಂಡನ್ನಿನ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಚಿತ್ರಕ್ಕೆ ದೊಡ್ಡ ಪ್ರಶಸ್ತಿ ಬಂತು. ಅದು ಪಳಗಿಸಿದ ತೋಳ ಇರಬಹುದು ಅನ್ನೋ ತೀರ್ಮಾನಕ್ಕೆ ಬಂದ ತೀರ್ಪುಗಾರರು ಮರುವರ್ಷ ಅದನ್ನು ವಾಪಸ್ ಪಡೆದರು, ತೆಗೆದವರು ಆರೋಪ ಒಪ್ಪಲಿಲ್ಲ. ಇಂಥದ್ದನ್ನು ಹಿಡಿಯೋಕೆ ನಿಯಮ ಬೇಕೇ ಬೇಕು. ಆದರೆ ನಿಯಮ ಕೇಳೋ ಪ್ರಶ್ನೆ ‘ಇದು ಕಾಡಿನ ಪ್ರಾಣಿಯಾ?’ ಅನ್ನೋದು. ಕಾಡೇ ಇಲ್ಲದ ಊರಿನ ಕಾಡುಪ್ರಾಣಿಗೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ.

ಇಲ್ಲಿ ಯಾರಾದರೂ ಹಳಬರ ಹೆಸರು ತೆಗೀತಾರೆ, ತೆಗೀಲೇಬೇಕು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ. ಘೋರ್ಪಡೆ ಅವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಅದರ ಜೊತೆಗೆ ಈ ಹುಚ್ಚು. 1983ರಲ್ಲಿ ಬಂದ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಇವರ ಕಪ್ಪು-ಬಿಳುಪು ಚಿತ್ರಗಳ ಮುಂದೆ ನಮ್ಮದೆಲ್ಲ ಪಾಸ್‌ಪೋರ್ಟ್ ಫೋಟೊ. ಅವರೂ ಕತ್ತಲಕೋಣೆಯಲ್ಲಿ ಕೈ ಅಡ್ಡ ಹಿಡಿದು ಒಂದು ಕಡೆ ತಿಳಿ ಮಾಡಿ, ಇನ್ನೊಂದು ಕಡೆ ಬೆಳಕು ಸುಟ್ಟು ಕಪ್ಪು ಮಾಡ್ತಿದ್ದ ಕಾಲದವರೇ, ಎಡಿಟ್ ಅನ್ನೋದು ಅಡೋಬಿ ಕಂಡುಹಿಡಿದದ್ದಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಕಪ್ಪು-ಬಿಳುಪಿನ ಫಿಲ್ಮ್ ಹಾಕ್ಕೊಂಡು ಹೊರಟವರು ಬೆಳಕಿಗಾಗಿ ಕಾಯ್ತಿದ್ದರು, ಕಪ್ಪು-ಬಿಳುಪಿನಲ್ಲೇ ನೋಡ್ತಿದ್ದರು. ನಮ್ಮ ಹತ್ತಿರ ಬಣ್ಣ ಇರತ್ತೆ, ಆಮೇಲೆ ತೆಗೀತೀವಿ. ಇಲ್ಲದ್ದರಿಂದ ಬಂದ ಮೌನಕ್ಕೂ ಇದ್ದದ್ದನ್ನು ಮುಚ್ಚಿದ ಮೌನಕ್ಕೂ ತೂಕ ಬೇರೆ.

ಕಪ್ಪು-ಬಿಳುಪಿನಲ್ಲಿ ಮನುಷ್ಯರನ್ನು ಅಳಿಸಲೇಬೇಕು ಅಂತಲೂ ಇಲ್ಲ. ನಿಕ್ ಬ್ರಾಂಟ್ ಅನ್ನೋ ಛಾಯಾಗ್ರಾಹಕ ಪೂರ್ವ ಆಫ್ರಿಕಾದ ಆನೆ, ಸಿಂಹಗಳನ್ನು ವರ್ಷಗಟ್ಟಲೆ ಕಪ್ಪು-ಬಿಳುಪಿನಲ್ಲಿ ತೆಗೆದರು. 2016ರ ‘ಇನ್‌ಹೆರಿಟ್ ದ ಡಸ್ಟ್’ನಲ್ಲಿ ಮಾಡಿದ್ದು ಬೇರೆಯೇ: ಪ್ರಾಣಿಗಳ ಆಳೆತ್ತರದ ಪ್ರಿಂಟುಗಳನ್ನು, ಅವು ಒಂದು ಕಾಲಕ್ಕೆ ತಿರುಗಾಡಿದಂಥ ಜಾಗಗಳಲ್ಲಿ, ಈಗಿನ ಕಸದ ರಾಶಿ, ಕಲ್ಲುಕ್ವಾರಿಗಳ ನಡುವೆ ನಿಲ್ಲಿಸಿ ಮತ್ತೆ ಫೋಟೊ ತೆಗೆದರು. ಅದೂ ಕಪ್ಪು-ಬಿಳುಪೇ. ಅಲ್ಲಿ ಯಾವುದೂ ಮಂಜಾಗಲಿಲ್ಲ.

ಬಣ್ಣದವರೇನು ಸಾಚಾ ಅಲ್ಲ ಬಿಡಿ. ನಮ್ಮ ಗುಂಪಿನಲ್ಲಿ ಒಂದು ಪ್ರೀಸೆಟ್ ಓಡಾಡತ್ತೆ, ಅದನ್ನು ಹಾಕಿದರೆ ಯಾವ ಮಧ್ಯಾಹ್ನವೂ ಸಂಜೆಯಾಗತ್ತೆ. ಮಳೆ ಕೈಕೊಟ್ಟ ವರ್ಷದಲ್ಲಿ ಒಣಗಿ ನಿಂತ ಹುಲ್ಲು, ವಾರ್ಮ್ತ್ ಏರಿಸಿದ ಕೂಡಲೇ ಬಂಗಾರ. ಬರಗಾಲಕ್ಕೆ ಹಬ್ಬದ ಬಟ್ಟೆ ತೊಡಿಸಿದ ಹಾಗೆ. ನನಗೆ ಇದು ಕಪ್ಪು-ಬಿಳುಪಿಗಿಂತ ಕೆಟ್ಟದ್ದು ಅನ್ನಿಸತ್ತೆ, ಯಾಕಂದ್ರೆ ಕಪ್ಪು-ಬಿಳುಪಿನ ಚಿತ್ರ ‘ನನ್ನ ಹತ್ತಿರ ಬಣ್ಣ ಇಲ್ಲ’ ಅಂತ ಮುಖಕ್ಕೆ ಹೇಳತ್ತೆ. ಬಂಗಾರದ ಹುಲ್ಲು ಏನೂ ಹೇಳಲ್ಲ, ನೀವು ನಂಬ್ತೀರಿ.

ರಕ್ತದ ವಿಷಯ ಇನ್ನೂ ಕಷ್ಟ. ಆಳಂದ ರಸ್ತೆಯಲ್ಲಿ ಒಮ್ಮೆ ಬೆಳಿಗ್ಗೆ ಒಂದು ಹೆಣ್ಣು ಚಿಗರಿ ವಾಹನಕ್ಕೆ ಸಿಕ್ಕು ಬಿದ್ದಿತ್ತು. ತೆಗೆದೆ. ಹಂಚಿಕೊಳ್ಳೋದಾದರೆ ಕಪ್ಪು-ಬಿಳುಪು ಮಾಡು, ನೋಡೋರಿಗೆ ಹಿಂಸೆಯಾಗತ್ತೆ, ಸತ್ತದ್ದಕ್ಕೂ ಒಂದು ಮರ್ಯಾದೆ ಇರತ್ತೆ ಅಂತ ಗೆಳೆಯ ಹೇಳಿದ. ಅವನ ಮಾತಿನಲ್ಲಿ ಹುರುಳಿದೆ. ಕೆಂಪು ಕಣ್ಣನ್ನು ಎಳೆದು ಹಿಡ್ಕೊಳ್ಳತ್ತೆ, ಪ್ರಾಣಿ ಹಿಂದೆ ಸರಿದು ರಕ್ತವೇ ಚಿತ್ರವಾಗತ್ತೆ. ಆದರೆ ಕಪ್ಪು-ಬಿಳುಪು ಮಾಡಿ ನೋಡಿದಾಗ ಆ ಸಾವು ಹಳೆಯದಾಯಿತು. ಯಾವುದೋ ಕಾಲದ್ದು, ಯಾರದ್ದೂ ಹೊಣೆ ಇಲ್ಲದ್ದು. ಕೆಂಪು ಇದ್ದಾಗ ಅದು ಇವತ್ತು ಬೆಳಿಗ್ಗೆಯದು, ಆ ಗಾಡಿ ಇನ್ನೂ ಕಲಬುರಗಿ ಮುಟ್ಟಿರಲಿಕ್ಕಿಲ್ಲ. ಬಣ್ಣದಲ್ಲೇ ಇಟ್ಟೆ, ಆದರೆ ಎಲ್ಲೂ ಹಾಕಲಿಲ್ಲ. ರಸ್ತೆಗೆ ಉಬ್ಬು ಬೇಕು ಅಂತ ಊರವರು ಬರೆದ ಅರ್ಜಿಗೆ ಲಗತ್ತಿಸಿದೆ. ಅರ್ಜಿಗೆ ಫೋಟೊ ಹಚ್ಚುವಾಗ ಯಾರೂ ಕಪ್ಪು-ಬಿಳುಪು ಮಾಡೋಣವಾ ಅಂತ ಕೇಳೋದಿಲ್ಲ, ಇದನ್ನು ಗಮನಿಸಿ. ಬೆಳೆ ಹಾನಿಯ ಫೋಟೊ ತೆಗೆಯೋ ರೈತನೂ ಕೇಳೋದಿಲ್ಲ. ಚಿತ್ರದಿಂದ ಏನಾದರೂ ಆಗಬೇಕು ಅಂತಿದ್ದಾಗ ನಮಗೆ ಬಣ್ಣ ಬೇಕು.

ಕಳೆದ ವರ್ಷ ಆಫೀಸಿನಲ್ಲಿ ಒಂದು ಸಣ್ಣ ಪ್ರದರ್ಶನ ಇಟ್ಟರು, ಲಿಫ್ಟಿನ ಪಕ್ಕದ ಗೋಡೆಯಲ್ಲಿ. ಕಡಲೆ ಹೊಲದ ಚಿಗರಿಯನ್ನು ಬಣ್ಣದಲ್ಲೇ ಕೊಟ್ಟೆ. ಕಪ್ಪು-ಬಿಳುಪಿನದನ್ನು ಮೆಚ್ಚಿದ್ದವರಿಗೆ ಬೇಜಾರಾಯಿತು, ನನಗೂ ಸ್ವಲ್ಪ ಆಯಿತು, ಅದು ನಿಜಕ್ಕೂ ಒಳ್ಳೆಯ ಚಿತ್ರ. ಆಫ್ರಿಕಾನಾ ಅಂತ ಕೇಳಿದ್ದ ಹುಡುಗಿ ಈ ಸಲ ಹತ್ತಿರ ಬಂದು ನೋಡಿ, “ಹಿಂದೆ ಯಾಕೆ ಸೀರೆ ಒಣಗಿಸಿದ್ದಾರೆ?” ಅಂದಳು. ಲಿಫ್ಟು ಎರಡು ಸಲ ಬಂದು ಹೋಯಿತು, ನಾನು ಹೇಳ್ತಾನೇ ಇದ್ದೆ: ಹಂದಿ, ಚಿಗರಿ, ಎರಡು ಸಾಲು ಕಡಲೆ, ರಾತ್ರಿ ಕಾವಲು, ಸೀರೆಗೆ ಚಿಗರಿ ಒಂದು ವಾರ ಹೆದರಿ ಆಮೇಲೆ ಹೆದರೋದು ಬಿಡೋದು. “ಹಾಗಾದ್ರೆ ನಿಮ್ಮ ಅಂಕಲ್‌ಗೆ ಚಿಗರಿ ಕಂಡರೆ ಆಗಲ್ವಾ?” ಅಂತ ಕೇಳಿದಳು. ಅದಕ್ಕೆ ಹೌದು-ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಕೊಡೋಕಾಗಲ್ಲ. ಬೆಳಿಗ್ಗೆ ಬೈದು ಓಡಿಸೋ ಅದೇ ಕಾಕಾ, ಮರಿ ಹಾಕಿದ ಚಿಗರಿ ಇದ್ದ ಮೂಲೆಗೆ ನಾಯಿ ಹೋಗದ ಹಾಗೆ ಎರಡು ದಿನ ಕಾದಿದ್ದ.

ಅದೇ ಗೋಡೆಯಲ್ಲಿ ನನ್ನ ಇನ್ನೊಂದು ಚಿತ್ರ ಕಪ್ಪು-ಬಿಳುಪಿನದು. ಎರಡು ಗಂಡು ಚಿಗರಿ ಕೋಡಿಗೆ ಕೋಡು ಹಾಕಿ ನಿಂತದ್ದು, ಮೇ ತಿಂಗಳ ಬೀಳು ಹೊಲ, ಧೂಳು. ಆ ಬಿಸಿಲಿನಲ್ಲಿ ನೆಲ, ಹುಲ್ಲು, ಆಕಾಶ ಎಲ್ಲ ಒಂದೇ ಮಣ್ಣುಬಣ್ಣ. ತೆಗೆಯೋಕೆ ಅಂತ ಅಲ್ಲಿ ಬಣ್ಣ ಇದ್ದದ್ದೇ ಕಡಿಮೆ, ಇದ್ದದ್ದು ಎರಡು ಜೊತೆ ಕೋಡಿನ ತಿರುಚು ಮತ್ತು ಕಾಲ ಕೆಳಗೆ ಎದ್ದ ಧೂಳು. ಪ್ರಿಂಟ್ ಹಾಕಿಸೋ ಮೊದಲು ಅಪ್ಪನಿಗೆ ಅದನ್ನೂ ಕಳಿಸಿದ್ದೆ. ಫೋನ್ ಮಾಡಿ, “ಛಲೋ ಬಂದದ. ಆದ್ರ ಇದು ಯಾವ ತಿಂಗಳಾ?” ಅಂದ. ಚೌಕಟ್ಟಿನ ಕೆಳಗೆ ಬರೆಸಿದೆ: ಮೇ, ಭೂಸನೂರ, ಬಿತ್ತದ ಹೊಲ.